ಹಿಂದಿನ ಸೀಟಿನ ಸುಖ

ನಮ್ಮ ಹೊಸಪೇಟೆಯಲ್ಲಿ ಹೊಸ ಕಾರು ತಂದವನನ್ನು ‘ಹೇಗೆ ಓಡುತ್ತದೆ’ ಎಂದು ಯಾರೂ ಕೇಳುವುದಿಲ್ಲ, ‘ಎಷ್ಟು ಕೊಡತೈತಿ?’ ಎಂದು ಕೇಳುತ್ತಾರೆ. ಎಮ್ಮೆ ತಂದವನನ್ನೂ ಇದೇ ಮಾತಿನಲ್ಲಿ, ಇದೇ ದನಿಯಲ್ಲಿ, ಹೆಗಲ ಮೇಲಿನ ಟವೆಲ್ಲನ್ನು ಹೀಗೆಯೇ ಕೊಡವಿಕೊಂಡು ಕೇಳುವುದು ರೂಢಿ. ಎಮ್ಮೆ ಲೀಟರುಗಟ್ಟಲೆ ಕೊಡುವ ಪ್ರಾಣಿ, ಕಾರು ಲೀಟರುಗಟ್ಟಲೆ ಕುಡಿಯುವ ಪ್ರಾಣಿ ಎಂಬ ಸಣ್ಣ ವ್ಯತ್ಯಾಸವನ್ನು ನಮ್ಮ ಜನ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ಕಾರು ಕೊಂಡ ಮೊದಲ ವಾರ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆಯಿತು. ಕೊನೆಗೆ ಚಿತ್ತವಾಡ್ಗಿಯ ಚಹಾದಂಗಡಿಯ ಮುಂದೆ ಒಬ್ಬ ಹಿರಿಯರು ಕೇಳಿದಾಗ ಬೇಸತ್ತು, “ಕೊಡಾದು ಕಮ್ಮಿರಿ, ಆದ್ರ ಓಡ್ಸಾಕ ಭಾಳ ಖುಷಿ ಐತಿ” ಎಂದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಲೋಟದ ತಳದ ಚಹಾ ಮುಗಿಸಿದರು, “ಖುಷಿ ಟ್ಯಾಂಕಿಗೆ ಹಾಕಿದ್ರ ಗಾಡಿ ಹೋಗತೈತೇನಪಾ?” ಎಂದು ಕೇಳಿ ಎದ್ದು ಹೋದರು.

ಸಣ್ಣ ಮಾತು. ಆದರೆ ಕೆಲವು ಸಣ್ಣ ಮಾತುಗಳು ಟ್ಯೂಬಿನ ಸೂಜಿರಂಧ್ರದಂತೆ. ಶಬ್ದ ಮಾಡದೆ, ರಾತ್ರಿ ಬೆಳಗಾಗುವುದರೊಳಗೆ ಗಾಳಿಯನ್ನೆಲ್ಲ ಇಳಿಸಿಬಿಡುತ್ತವೆ. ಕೇವಲ ಖುಷಿಗಾಗಿ ಹೆಚ್ಚು ಹಣ ಕೊಟ್ಟು ಒಂದು ವಾಹನ ಕೊಳ್ಳುವುದು ಸರಿಯೇ? ಓದಿದವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ನಾನು ಏಳನೇ ಕ್ಲಾಸಿಗೆ ಶಾಲೆಯನ್ನು ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎಂದರೂ ನಡೆದೀತು, ತಪ್ಪು ಯಾರದೆಂದು ಈವರೆಗೆ ತೀರ್ಮಾನವಾಗಿಲ್ಲ. ಮುಂದಿನ ವಿದ್ಯಾಭ್ಯಾಸವೆಲ್ಲ ಲಾರಿಗಳ ಅಡಿಯಲ್ಲಿ, ಅಂಗಾತ ಮಲಗಿಕೊಂಡು ನಡೆಯಿತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಇಳಿಯುವ ಲಾರಿಗಳಿಗೆ ಪಾಟಾ ಕಟ್ಟುವುದು ನನ್ನ ಕಸುಬು. ಪಾಟಾ ಎಂದರೆ ಚಕ್ರದ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಒರಗಿ ಕೂತಿರುವ ಉಕ್ಕಿನ ಪಟ್ಟಿಗಳು. ಭಾರವನ್ನೆಲ್ಲ ಹೊರುವವು ಅವು. ಮುರಿದರೆ ಲಾರಿ ದಾರಿಯಲ್ಲೇ ಮಂಡಿಯೂರುತ್ತದೆ. ಅವನ್ನು ಕಾಯಿಸಿ, ಬಡಿದು, ಕಳೆದುಹೋದ ಬಾಗನ್ನು ಮತ್ತೆ ಬರಿಸಿ ಕೂರಿಸುವವನು ನಾನು. ಈ ಸೀಮೆಯಲ್ಲಿ ಪಾಟಾ ಈರಣ್ಣ ಎಂದರೆ ಯಾವ ಡ್ರೈವರನಾದರೂ ಮನೆ ತೋರಿಸುತ್ತಾನೆ, ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಲಾರಿಯವರು ಕಾಯುತ್ತ ಕೂತು ಓದಿ ಬಿಟ್ಟುಹೋದ ಪತ್ರಿಕೆಗಳ ಪುರವಣಿಗಳನ್ನು ಮೂವತ್ತು ವರ್ಷಗಳಿಂದ ಗ್ರೀಸಿನ ಕೈಯಲ್ಲೇ ಓದುತ್ತ ಬಂದಿದ್ದೇನೆ. ಸ್ಥಿತಿಸ್ಥಾಪಕತ್ವ ಎಂಬ ಮಾರುದ್ದದ ಪದವನ್ನು ಕಲಿತದ್ದು ಹಾಗೆಯೇ. ಬಾಗಿದ್ದು ಮತ್ತೆ ತನ್ನ ಆಕಾರಕ್ಕೆ ಮರಳುವ ಗುಣಕ್ಕೆ ಆ ಹೆಸರಂತೆ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಸುತ್ತಿಗೆಯಲ್ಲಿ ಮಾಡುವುದು ಸುಲಭ.

ಉಕ್ಕಿಗಿರುವ ಆ ಗುಣ ಮನುಷ್ಯರ ಬೆನ್ನಿಗಿಲ್ಲ ಎಂಬುದನ್ನು ಮಾತ್ರ ಯಾವ ಪುರವಣಿಯೂ ನನಗೆ ಕಲಿಸಲಿಲ್ಲ. ನನ್ನ ಹೆಂಡತಿ ಶಂಕ್ರಮ್ಮನಿಂದ ಕಲಿತೆ. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ಕುಲುಮೆಗೆ ಕೈಯಲ್ಲಿ ಗಾಳಿ ತಿರುಗಿಸಿದವಳು ಅವಳು. ಕೆಂಪಗೆ ಕಾದ ಪಟ್ಟಿಯ ಒಂದು ತುದಿ ನನ್ನ ಇಕ್ಕಳದಲ್ಲಿದ್ದರೆ ಇನ್ನೊಂದು ತುದಿ ಅವಳ ಇಕ್ಕಳದಲ್ಲಿರುತ್ತಿತ್ತು. ನಾನು ಬಡಿಯುತ್ತಿದ್ದೆ, ಅವಳು ಹೊರುತ್ತಿದ್ದಳು. ಊರ ಲಾರಿಗಳ ಬೆನ್ನೆಲ್ಲ ನೆಟ್ಟಗಾಗುವ ಹೊತ್ತಿಗೆ ಅವಳ ಬೆನ್ನು ಸೋತಿತ್ತು. ಈಗ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯಬಲ್ಲಳು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಬಲ್ಲಳು. ಬಸ್ಸಿನ ಕುಲುಕಾಟ ಮಾತ್ರ ಆಗದು. ಎರಡು ವರ್ಷದ ಹಿಂದೆ ಕಂಪ್ಲಿಗೆ ಬಸ್ಸಿನಲ್ಲಿ ಹೋಗಿಬಂದವಳು ಮೂರು ದಿನ ಹಾಸಿಗೆ ಹಿಡಿದಳು. ಬಾಡಿಗೆ ಕಾರಿನಲ್ಲಿ ಕರೆದೊಯ್ದು ನೋಡಿದೆ. ಕಮಲಾಪುರ ದಾಟುವುದರೊಳಗೆ ತುಟಿ ಕಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಗಾಡಿ ತಿರುಗಿಸಿದೆವು.

ಕಂಪ್ಲಿಯಲ್ಲಿ ಏನಿದೆ ಎಂದರೆ, ಗೌರಕ್ಕ ಇದ್ದಾಳೆ. ಶಂಕ್ರಮ್ಮನ ಅಕ್ಕ. ತಂಗಿಯ ಬೆನ್ನಿಗೆ ಸರಿಜೋಡಿಯಾಗಿ ಅಕ್ಕನ ಮೊಣಕಾಲುಗಳು ಮುಷ್ಕರ ಹೂಡಿವೆ. ಬಸ್ಸಿನ ಮೆಟ್ಟಿಲು ಏರಲಾರಳು. ಕಾರು ಕಳಿಸುತ್ತೇವೆ, ನಾಲ್ಕು ದಿನ ಬಂದಿರು ಎಂದರೆ, ಅವಳ ಎರಡು ಎಮ್ಮೆಗಳು ಬೇರೆ ಯಾರ ಕೈಗೂ ಸೊರೆ ಬಿಡುವುದಿಲ್ಲ. ಬೆಳಿಗ್ಗೆ ಸಂಜೆ ಮಣೆ ಹಾಕಿಕೊಂಡು ತಾನೇ ಕೂತು ಕರೆಯಬೇಕು. ಹೀಗೆ ಒಂದು ಮುಂಜಾನೆಯ ದಾರಿಯಷ್ಟು ದೂರದಲ್ಲಿರುವ ಇಬ್ಬರು ಅಕ್ಕತಂಗಿಯರು ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದಿನಾ ಮಧ್ಯಾಹ್ನ ಫೋನಿನಲ್ಲಿ ಮಾತು. ಎಮ್ಮೆಯ ಗರ್ಭ, ನೆರೆಯವರ ಜಗಳ, ಉಪ್ಪಿನಕಾಯಿಗೆ ಹಿಡಿದ ಬೂಷ್ಟು, ಎಲ್ಲವೂ ಆ ಮಾತಿನೊಳಗೆ ಬರುತ್ತಿದ್ದವು. ‘ಯಾವಾಗ ಬರ್ತಿ?’ ಎಂಬ ಒಂದು ಮಾತು ಮಾತ್ರ ಯಾವಾಗಲೋ ನಿಂತುಹೋಗಿತ್ತು. ಕೇಳಿದರೆ ಇನ್ನೊಬ್ಬಳಿಗೆ ನೋವಾದೀತೆಂದು ಇಬ್ಬರೂ ಕೇಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು, ಕೇಳದ ಆ ಮಾತನ್ನು ನಾನು ದಿನಾ ಕೇಳಿಸಿಕೊಳ್ಳುತ್ತಿದ್ದೆ.

ಆದ್ದರಿಂದ ಕಾರು ಕೊಳ್ಳುವುದೆಂದು ನಿರ್ಧರಿಸಿದೆ. ಕಾರಿನ ಅಂಗಡಿಯಲ್ಲಿ ಎರಡು ಕಾರುಗಳು ನನ್ನ ಕೈಗೆಟುಕುವಂತಿದ್ದವು. ಒಂದು ಶುದ್ಧ ಸಂಸಾರಿ: ಬಿಳಿ ಬಣ್ಣ, ಕಡಿಮೆ ಕುಡಿತ, ಎಲ್ಲ ಬಿಡಿಭಾಗವೂ ಬೀದಿ ಬೀದಿಯಲ್ಲಿ ಲಭ್ಯ. ಅಲ್ಲಿ ಕೆಲಸಕ್ಕಿದ್ದ ಹುಡುಗಿ, “ಸರ್, ಎಲ್ಲರೂ ಇದನ್ನೇ ಒಯ್ತಾರ್ರಿ” ಎಂದಳು. ಎಲ್ಲರೂ ಒಯ್ಯುವುದನ್ನು ಒಯ್ಯುವುದರಲ್ಲಿ ಒಂದು ನೆಮ್ಮದಿ ಇದೆ, ತಪ್ಪಾದರೆ ಎಲ್ಲರದೂ ತಪ್ಪು. ಇನ್ನೊಂದರ ಬೆಲೆ ಅದಕ್ಕಿಂತ ಎರಡು ಜೋಡಿ ಒಳ್ಳೆಯ ಎತ್ತು ಬರುವಷ್ಟು ಜಾಸ್ತಿ. ಎರಡನ್ನೂ ಓಡಿಸಿ ನೋಡಿದೆ, ಹಿಂದೆ ಶಂಕ್ರಮ್ಮ ಅರ್ಧ ಒರಗಿ ಕೂತಿದ್ದಳು; ನೆಟ್ಟಗೆ ಕೂರುವ ಮುಂದಿನ ಸೀಟು ಅವಳಿಗೆ ಆಗದು. ಮೊದಲ ಕಾರು ರೈಲ್ವೆ ಗೇಟಿನ ಬಳಿಯ ಹಂಪು ಹತ್ತಿಳಿದಾಗ ಹಿಂದಿನಿಂದ “ಅಯ್ಯಪ್ಪಾ” ಎಂಬ ದನಿ ಬಂತು. ಎರಡನೆಯದು ಅದೇ ಹಂಪು ದಾಟಿತು. ಹಿಂದಿನಿಂದ ಸದ್ದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಶಂಕ್ರಮ್ಮ, “ಹಂಪ್ ಬರ್ಲಿಲ್ಲಲ್ರಿ?” ಎಂದು ಕೇಳಿದಳು.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಿಬಿಡುತ್ತೇನೆ, ಓದುಗರೇ. ನಿಮ್ಮಿಂದ ಮುಚ್ಚಿಟ್ಟು ನನಗೇನು ಲಾಭ? ಆ ಕಾರನ್ನು ಹೆಂಡತಿಯ ಬೆನ್ನಿಗಾಗಿ ಕೊಂಡೆ ಎಂದು ನಾನು ಊರಿಗೆಲ್ಲ ಹೇಳಿದ್ದು ಅರ್ಧ ಸತ್ಯ. ಉಳಿದ ಅರ್ಧ ನನ್ನ ಅಂಗೈಯಲ್ಲಿತ್ತು. ಡ್ಯಾಮಿನ ರಸ್ತೆಯ ತಿರುವಿನಲ್ಲಿ ಆ ಕಾರಿನ ಸ್ಟೇರಿಂಗು, ನಾನು ತಿರುಗಿಸಬೇಕೆಂದು ನೆನೆಯುವಷ್ಟರಲ್ಲಿ ತಿರುಗಿ, ತಿರುವು ಮುಗಿದೊಡನೆ ತಾನಾಗಿ ಸುಮ್ಮನಾಯಿತು. ಜೀವನವಿಡೀ ಹಟಮಾರಿ ಯಂತ್ರಗಳೊಂದಿಗೆ ಗುದ್ದಾಡಿದವನಿಗೆ, ಹೇಳಿದ ಮಾತು ಕೇಳುವ ಯಂತ್ರವೊಂದು ಕೈಗೆ ಸಿಕ್ಕರೆ ಎಂಥ ರೋಮಾಂಚನವಾಗುತ್ತದೆ ಎಂಬುದನ್ನು ವಿವರಿಸಲು ನನ್ನಲ್ಲಿ ಪದಗಳಿಲ್ಲ. ಶಂಕ್ರಮ್ಮ “ಅಷ್ಟು ರೊಕ್ಕ ಬ್ಯಾಡ್ರಿ, ಬಿಳೇದ ತಗೊಳ್ರಿ” ಎಂದಳು. ನಾನು ಅವಳ ಬೆನ್ನನ್ನು ಮುಂದೊಡ್ಡಿ, ನನ್ನ ಅಂಗೈಯನ್ನು ಹಿಂದೆ ಬಚ್ಚಿಟ್ಟು, ದುಬಾರಿಯದನ್ನೇ ತಂದೆ.

ತಂದದ್ದೇನೋ ತಂದೆ. ಆದರೆ ದುಡಿಮೆಯಲ್ಲೇ ಬೆಳೆದವನ ಮನಸ್ಸು ವಿಚಿತ್ರ. ಬರೀ ಸುಖ ಕೊಡುವ ವಸ್ತು ಮನೆಗೆ ಬಂದರೆ ಅವನಿಗೆ ಕಳ್ಳಮಾಲು ಬಂದಂತೆ ಕಸಿವಿಸಿ. ಹಂಪಿಯ ದಾರಿಯಲ್ಲಿ ಪರದೇಶದ ಹೆಂಗಸರು ಬಾಡಿಗೆ ಸೈಕಲ್ ತುಳಿಯುತ್ತ, ಬಂಡೆ ಕಂಡಲ್ಲಿ ಇಳಿದು, ನಕ್ಕು, ಮತ್ತೆ ಹತ್ತಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಸೈಕಲ್ಲಿಗೆ ಹಾಲಿನ ಕ್ಯಾನಿಲ್ಲ, ಹುಲ್ಲಿನ ಹೊರೆಯಿಲ್ಲ. ಏನನ್ನೂ ಹೊರದ ಸೈಕಲ್ಲನ್ನು ಕಂಡಾಗಲೆಲ್ಲ ನನಗೆ, ಅಯ್ಯೋ, ಖಾಲಿ ಹೋಗುತ್ತಿದೆಯಲ್ಲ, ಎನ್ನಿಸುತ್ತದೆ. ನನ್ನ ಕಾರಿನ ವಿಷಯದಲ್ಲೂ ಒಳಗೊಳಗೆ ಅದೇ ಆಗುತ್ತಿತ್ತೆಂದು ಈಗ ತೋರುತ್ತದೆ.

ಪೂಜೆಯ ದಿನ ಅದು ಹೊರಬಿತ್ತು. ಚಕ್ರದಡಿ ನಿಂಬೆಹಣ್ಣು ಒಡೆದ ಮೇಲೆ ಮನೆಯವರು, ನೆಂಟರು, ಒಟ್ಟು ಐದು ಜನ ಕಾರು ತುಂಬಿಕೊಂಡೆವು. ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ. ಕಾರಿನ ಹಿಂಭಾಗ ಮೆಲ್ಲಗೆ ನಾಲ್ಕು ಬೆರಳು ಕೆಳಗಿಳಿಯಿತು. ಮೃದುವಾದ ಕಾರು, ಇಳಿಯಲೇಬೇಕು. ಇಳಿಯುವುದರಲ್ಲೇ ಅದರ ಸುಖವಿರುವುದು. ಆದರೆ ಬೀದಿಯಲ್ಲಿ ನಿಂತಿದ್ದವನು ಬಾಷಾ. ನಾವಿಬ್ಬರೂ ಒಂದೇ ದಿನ ಶಾಲೆ ಬಿಟ್ಟವರು. ನಾನು ಲಾರಿಯ ಕೆಳಗೆ ಹೋದೆ, ಅವನು ಲಾರಿಯ ಮೇಲೆ ಹೋದ. ಇವತ್ತಿಗೂ ಸಂಡೂರಿನ ಅದಿರು ಲಾರಿ ಓಡಿಸುತ್ತಾನೆ. ಅವನು ಸೊಂಟಕ್ಕೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದ:

“ಲೇ ಈರ್ಯಾ! ಊರಿಗೆಲ್ಲ ಪಾಟಾ ಕಟ್ತೀ, ನಿನ್ನ ಗಾಡೀನ ಕುಂತೈತಲ್ಲಲೇ!”

ಜನ ನಕ್ಕರು. ನಾನೂ ನಕ್ಕೆ. ಆದರೆ ಪಾಟಾ ಕಟ್ಟುವವನ ಗಾಡಿ ಕೂತಿತು ಎನ್ನುವುದು ವೈದ್ಯನ ಮನೆಯಲ್ಲೇ ಜ್ವರ ಎಂದಂತೆ. ನನ್ನ ಕಸುಬಿನಲ್ಲಿ ಭಾರಕ್ಕೆ ಬಗ್ಗದಿರುವುದೇ ವಾಹನದ ಶೀಲ. ಮಾರನೆಯ ಬೆಳಿಗ್ಗೆ ಕಾರನ್ನು ಅಂಗಡಿಗೆ ತಂದು, ಹಿಂದಿನ ಸುರುಳಿ ಸ್ಪ್ರಿಂಗುಗಳ ನಡುವೆ ಗಟ್ಟಿ ರಬ್ಬರಿನ ದಪ್ಪ ತುಂಡುಗಳನ್ನು, ಒಂದಕ್ಕೆ ಎರಡರಂತೆ, ಬಿಗಿಯಾಗಿ ಕೂರಿಸಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಹಿಂಭಾಗ ಹುಂಜದ ಬಾಲದಂತೆ ಎದ್ದು ನಿಂತಿತು. ಮನೆಗೆ ಬಂದವರನ್ನೆಲ್ಲ ಕಾರಿನ ಹಿಂದೆ ನಿಲ್ಲಿಸಿ, “ಒತ್ರಿ, ಮೈಯೆಲ್ಲ ಹಾಕಿ ಒತ್ರಿ” ಎನ್ನುತ್ತಿದ್ದೆ. ಒತ್ತುತ್ತಿದ್ದರು. ಜಗ್ಗುತ್ತಿರಲಿಲ್ಲ. ಕಾರಿಗೆ ಕೊಟ್ಟ ಎರಡು ಜೋಡಿ ಎತ್ತಿನ ಬೆಲೆಗಿಂತ ಆ ರಬ್ಬರಿನ ತುಂಡುಗಳು ನನಗೆ ಹೆಚ್ಚು ಸಂತೋಷ ಕೊಟ್ಟವು. ಏಕೆಂದರೆ ಅವು ನನ್ನ ಕೈಯ ಕೆಲಸ.

ನೀವು ಇಷ್ಟರಲ್ಲೇ ತಲೆ ಚಚ್ಚಿಕೊಂಡಿರುತ್ತೀರಿ. ಸ್ಪ್ರಿಂಗಿನಲ್ಲೇ ಮೂವತ್ತು ವರ್ಷ ಕಳೆದವನಿಗೆ, ಬಿಗಿ ಮಾಡಿದರೆ ಕುಲುಕುತ್ತದೆ ಎಂಬುದು ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಹೊತ್ತಿಗೆ ಸರಿಯಾಗಿ ನೆನಪಾಗಬೇಕಲ್ಲ. ಮೂವತ್ತು ವರ್ಷ ನನ್ನ ಪಾಟಾಗಳ ಮೇಲೆ ಕೂತದ್ದು ಅದಿರು. ಅದಿರು ಒಮ್ಮೆಯೂ ಬೆನ್ನು ನೋಯುತ್ತದೆ ಎಂದು ಹೇಳಿದ್ದಿಲ್ಲ. ಇನ್ನು ನಾನು ಕೂರುತ್ತಿದ್ದುದು ಮುಂದಿನ ಸೀಟಿನಲ್ಲಿ; ಮುಂದಿನ ಚಕ್ರಗಳನ್ನು ನಾನು ಮುಟ್ಟಿರಲಿಲ್ಲ, ಸ್ಟೇರಿಂಗು ಎಂದಿನಂತೆ ಕೈಯಲ್ಲಿ ಹಾಡುತ್ತಿತ್ತು.

ಮುಂದಿನ ಸೋಮವಾರ ಕಂಪ್ಲಿಗೆ ಹೊರಟೆವು. ಗೌರಕ್ಕ ಮುಂಜಾನೆಯೇ ಎಮ್ಮೆ ಕರೆದು, ಗಿಣ್ಣ ಮಾಡಿ, ಕಟ್ಟೆಯ ಮೇಲೆ ಕೂತಿದ್ದಳಂತೆ. ಕಮಲಾಪುರದ ಹಂಪುಗಳು ಮುಗಿಯುವ ಹೊತ್ತಿಗೆ ಶಂಕ್ರಮ್ಮ, “ಏನ್ರಿ, ಗ್ಯಾಸ್ ಬಂದ್ ಮಾಡೇನೋ ಇಲ್ಲೋ, ನೆನಪಿಲ್ರಿ” ಎಂದಳು. ತಿರುಗಿ ಬಂದೆವು. ಗ್ಯಾಸ್ ಬಂದಾಗಿಯೇ ಇತ್ತು. ಮುಂದಿನ ವಾರ ಮತ್ತೆ ಹೊರಟೆವು. ಮತ್ತೆ ಅದೇ ಜಾಗದಲ್ಲಿ ಅವಳಿಗೆ ತಲೆ ತಿರುಗಿತು. ಮೂರನೆಯ ವಾರ, ಇವತ್ತು ಬ್ಯಾಡ ಎಂದಳು. ನಾಲ್ಕನೆಯ ವಾರ ನಾನೇ ಕೇಳಲಿಲ್ಲ. ಕಾರು ಹೇಗಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಒಳಗಿನಿಂದಲೇ, “ಭಾಳ ಚೊಲೋ ಐತ್ರಿ” ಎಂದು ಹೇಳುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಒಂದು ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಹೊಸ ಸೀಟಿನ ಅಂದವೆಲ್ಲ ಮುಚ್ಚಿಹೋಯಿತೆಂದು ನಾನು ಗೊಣಗಿದೆ. ಸೀಟು ಹೊಲಸಾಗಬಾರದಲ್ರಿ ಎಂದಳು.

ನನಗೆ ಅರ್ಥವಾದದ್ದು ಒಂದೇ: ಬೇಡವೆಂದರೂ ದುಬಾರಿ ಕಾರು ತಂದೆನೆಂದು ಇವಳಿಗೆ ಸಿಟ್ಟು. ಬಾಯಲ್ಲಿ ಚೊಲೋ ಐತಿ, ಮನಸ್ಸಿನಲ್ಲಿ ಹತ್ತುವುದಿಲ್ಲ. ನಾನೂ ಕಡಿಮೆ ಸ್ವಾಭಿಮಾನದವನಲ್ಲ, ಬಿಗಿದುಕೊಂಡೆ. ಮಧ್ಯಾಹ್ನದ ಫೋನು ಎಂದಿನಂತೆ ನಡೆಯುತ್ತಿತ್ತು. ನಡುವೆ ಒಂದು ವಾರ ಚಿಗುರಿದ್ದ ‘ಯಾವಾಗ ಬರ್ತಿ’ ಮತ್ತೆ ನಿಂತುಹೋಯಿತು. ಒಂದು ದಿನ ಮಾತು ಮುಗಿಸಿದ ಶಂಕ್ರಮ್ಮ ಫೋನನ್ನು ಕೆಳಗಿಡದೆ, ಆರಿದ ಅದರ ಮುಖವನ್ನೇ ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದಳು. ಅದನ್ನು ನೋಡಿಯೂ ನೋಡದವನಂತೆ ಅಂಗಡಿಗೆ ನಡೆದೆ. ನನ್ನ ಬಗ್ಗೆ ನನಗೆ ನಾಚಿಕೆ ತರುವ ನಡಿಗೆಗಳಲ್ಲಿ ಅದೂ ಒಂದು.

ಮುಂದೆ ನಡೆದದ್ದಕ್ಕೆ ನನ್ನ ಎಡಗೈ ಹೆಬ್ಬೆರಳು ಕಾರಣ. ಸುತ್ತಿಗೆ ಜಾರಿ ಅದು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗೇರು ಹಾಕಲು ಬರುವಂತಿರಲಿಲ್ಲ. ಅದೇ ಹೊತ್ತಿಗೆ ಬಂಡ್ರಿಯ ಹತ್ತಿರ ಲಾರಿಯೊಂದು ಪಾಟಾ ಮುರಿದು ನಿಂತಿದೆಯೆಂದೂ, ಬಂದು ನೋಡಬೇಕೆಂದೂ ಕರೆ ಬಂತು. ಬಾಷಾನಿಗೆ ಅಂದು ರಜೆ. ನಾನು ಓಡಿಸ್ತೇನೆ ನಡಿ ಎಂದು ಕೀಲಿ ಕಿತ್ತುಕೊಂಡ. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದರೆ ತಡೆದ.

“ಹಿಂದ ಕುಂದ್ರು. ಸಾವ್ಕಾರ್ರು ಎಲ್ಲ್ಯರ ಮುಂದ ಕುಂದ್ರತಾರೇನಲೇ?”

ಮಾತು ನನಗೆ ಹಿಡಿಸಿತು. ಹುಟ್ಟಿದಾಗಿನಿಂದ ನಾನು ವಾಹನಗಳ ಅಡಿಯಲ್ಲಿದ್ದೆ, ಇಲ್ಲವೇ ಮುಂದೆ ಇದ್ದೆ. ನನ್ನದೇ ಕಾರಿನ ಹಿಂದಿನ ಸೀಟನ್ನು ಇನ್ನೂ ಉದ್ಘಾಟನೆ ಮಾಡಿರಲಿಲ್ಲ. ಸಾವ್ಕಾರನ ಆಸನದ ಮೇಲೆ ಹರಕು ಕೌದಿ ಶೋಭಿಸುವುದಿಲ್ಲವೆಂದು ಅದನ್ನು ಎಳೆದು ಡಿಕ್ಕಿಗೆ ಎಸೆದೆ. ಕಾಲ ಮೇಲೆ ಕಾಲು ಹಾಕಿದೆ. ಕಿಟಕಿ ಇಳಿಸಿ, ಚಿತ್ತವಾಡ್ಗಿಯ ಪರಿಚಯದವರಿಗೆಲ್ಲ ಊದಿದ ಹೆಬ್ಬೆರಳಿನ ಕೈಯನ್ನೇ ಎತ್ತಿ ನಮಸ್ಕಾರ ಹೊಡೆದೆ.

ಮೊದಲ ಹಂಪು ಬಂತು. ಬಾಷಾ ನಿಧಾನವಾಗಿಯೇ ದಾಟಿಸಿದ. ಆದರೂ ಕೆಳಗಿನಿಂದ ಯಾರೋ ಒನಕೆಯಿಂದ ಕುಟ್ಟಿದಂತಾಗಿ, ನನ್ನ ಕಾಲ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಏನೂ ಆಗದವನಂತೆ ಕೂತೆ. ಎರಡನೆಯದಕ್ಕೆ ಹಲ್ಲು ಹಲ್ಲಿಗೆ ತಾಗಿತು. ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳು ಕಿತ್ತುಹಾಕಿದ ಗುಂಡಿಗಳ ಸಾಲು ಶುರುವಾದಾಗ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹೆಬ್ಬೆರಳು ಬೊಬ್ಬೆ ಹೊಡೆಯಿತು. ಪ್ರತಿ ಗುಂಡಿಯೂ ಸೊಂಟದಿಂದ ಹೊರಟು ಕುತ್ತಿಗೆಯವರೆಗೆ ಬಂದು ಸಹಿ ಹಾಕಿ ಹೋಗುತ್ತಿತ್ತು. ನನ್ನದು ಗಟ್ಟಿ ಬೆನ್ನು. ಸೋತ ಬೆನ್ನಲ್ಲ.

ಕನ್ನಡಿಯಲ್ಲಿ ಬಾಷಾ ನೋಡುತ್ತಿದ್ದ. “ಯಾಕಲೇ ಸಾವ್ಕಾರಾ, ಮಾರಿ ಹಿಂಗ್ಯಾಕ ಆತು?”

“ನಿಲ್ಸು” ಎಂದೆ.

ರಸ್ತೆಯ ಪಕ್ಕದ ಕೆಂಪು ಧೂಳಿನಲ್ಲಿ ಇಳಿದು ನಿಂತೆ. ಡಿಕ್ಕಿ ತೆಗೆದು ಕೌದಿಯನ್ನು ನೋಡಿದೆ. ನಾಲ್ಕು ಮಡಿಕೆ. ಸೀಟು ಹೊಲಸಾಗದಿರಲು ಒಂದು ಮಡಿಕೆ ಸಾಕಿತ್ತು. ಗ್ಯಾಸು, ತಲೆಸುತ್ತು, ಇವತ್ತು ಬ್ಯಾಡ, ಎಲ್ಲವೂ ಆ ಮಡಿಕೆಗಳಂತೆ ಒಂದೊಂದಾಗಿ ಬಿಚ್ಚಿಕೊಂಡವು. ಬಾಷಾನಿಗೆ ರಬ್ಬರಿನ ವಿಷಯ ಹೇಳಿದೆ. ಅವನು ನಗಲಿಲ್ಲ, ಅದೇ ದೊಡ್ಡ ಶಿಕ್ಷೆ.

“ಅದಿರು ತುಂಬಾಕ ತಂದಿಯೋ, ಶಂಕ್ರಕ್ಕನ ಕುಂದ್ರಸಾಕ ತಂದಿಯೋ? ನಾ ಏನೋ ಮಜಾಕ ಮಾಡಿದ್ರ, ನೀ ಹೋಗಿ ರಬ್ಬರ್ ಹೆಟ್ಟೀಯಲ್ಲಲೇ ಹುಚ್ಚಾ.”

ಬಂಡ್ರಿಯ ಕೆಲಸ ಮುಗಿಸಿ ಮರಳುವಾಗ ಮುಂದಿನ ಸೀಟಿನಲ್ಲಿ ಕೂತು ಯೋಚಿಸಿದೆ. ಸುಖಕ್ಕೆಂದು ಹೆಚ್ಚು ಕೊಟ್ಟೆ. ಕೊಟ್ಟ ಮೇಲೆ ಆ ಸುಖ ಸುಮ್ಮನೆ ಕೂತಿದೆಯಲ್ಲ ಎಂದು ಅದಕ್ಕೂ ಒಂದು ಹೊರೆ ಹೊರಿಸಿದೆ. ನಮ್ಮಂಥವರ ಕಷ್ಟ ಇದೇ ಇರಬೇಕು. ಕಷ್ಟವನ್ನು ನಾವು ಸಲೀಸಾಗಿ ನಂಬುತ್ತೇವೆ, ಅದರ ಕುಲಗೋತ್ರ ಕೇಳುವುದಿಲ್ಲ. ಸುಖ ಮನೆಗೆ ಬಂದರೆ ಮಾತ್ರ ನೀನು ಏನು ಕೆಲಸ ಬಲ್ಲೆ ಎಂದು ಕೇಳುತ್ತೇವೆ. ಹೆಚ್ಚಿನ ಹಣ ಕೊಟ್ಟದ್ದು ತಪ್ಪಲ್ಲ. ಕೊಟ್ಟದ್ದನ್ನು ಹಾಗೇ ಇರಲು ಬಿಡುವ ಧೈರ್ಯವಿಲ್ಲದೆ ಹೋದದ್ದು ತಪ್ಪು.

ಮನೆಗೆ ಬಂದವನೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, “ಯಾಕ ಹೇಳ್ಲಿಲ್ಲ?” ಎಂದೆ. ಏನನ್ನು ಎಂದು ಅವಳು ಕೇಳಲಿಲ್ಲ; ನಾನು ಸೊಂಟ ಹಿಡಿದುಕೊಂಡು ನಿಂತ ಭಂಗಿಯೇ ಹೇಳಿರಬೇಕು. ರೊಟ್ಟಿ ಮಗುಚಿ ಹಾಕುತ್ತ ಅಂದಳು:

“ಹೆಂಗ ಹೇಳ್ಲಿರಿ? ಬಂದೋರಿಗೆಲ್ಲ ಒತ್ರಿ ಒತ್ರಿ ಅಂತ ಹೇಳ್ತಿದ್ರಿ. ನಿಮ್ಮ ಮಾರಿ ಅಷ್ಟು ಅರಳಿದ್ದು ನೋಡಿ ನನಗೂ ಭಾಳ ದಿನ ಆಗಿತ್ತು. ನಿಮ್ಮ ಕೈಯ ಕೆಲಸಾನ ನನಗ ನೋಯ್ತೈತಿ ಅಂತ ಹೆಂಗ ಹೇಳ್ಲಿ?”

“ರೊಕ್ಕ ಜಾಸ್ತಿ ಕೊಟ್ಟೀನಂತ ಸಿಟ್ಟು ಅನ್ಕೊಂಡಿದ್ನಿ.”

“ಸಿಟ್ಟೂ ಐತ್ರಿ. ಅದು ಬ್ಯಾರೆ” ಎಂದಳು. ನಂತರ ನನ್ನ ಹೆಬ್ಬೆರಳು ನೋಡಿ, ಅರಿಸಿನ ಕಲಸಲು ಎದ್ದಳು.

ಆ ಸಂಜೆಯೇ ರಬ್ಬರುಗಳನ್ನು ತೆಗೆದೆ. ಹಾಕುವಾಗ ಅರ್ಧ ಗಂಟೆ ಹಿಡಿದಿತ್ತು. ಸರಿಯಿಲ್ಲದ ಹೆಬ್ಬೆರಳಿನಲ್ಲಿ ತೆಗೆಯಲು ಎರಡು ಗಂಟೆ ಹಿಡಿಯಿತು. ನನ್ನ ಕೆಲಸ ಅಷ್ಟು ಗಟ್ಟಿಯಾಗಿತ್ತು ಎಂಬುದನ್ನು ಹೆಮ್ಮೆಯಿಂದ ಬರೆಯಬೇಕೋ ಬೇಡವೋ ತಿಳಿಯದು.

ಹೆಬ್ಬೆರಳಿನ ಊತ ಇಳಿದ ಮೇಲೆ ಒಂದು ಮುಂಜಾನೆ ಮತ್ತೆ ಹೊರಟೆವು. ಈ ಸಲ ಕಂಪ್ಲಿಗೆ ಫೋನು ಮಾಡಿದವನು ನಾನು. ಗೌರಕ್ಕ “ನೋಡ್ರಿ, ಆದ್ರ ಬರ್ರಿ” ಎಂದಳು, ಗಿಣ್ಣದ ಮಾತೆತ್ತಲಿಲ್ಲ. ರೈಲ್ವೆ ಗೇಟು ದಾಟಿತು. ಹಂಪಿಯ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಕಮಲಾಪುರದ ಮೊದಲ ಹಂಪು. ಹಿಂದಿನಿಂದ ಸದ್ದಿಲ್ಲ. ಎರಡನೆಯದು, ಮೂರನೆಯದು. ಸದ್ದಿಲ್ಲ. ರಬ್ಬರು ಹಾಕಿದ್ದಾಗಿನ ಮೌನವೂ ಹೀಗೆಯೇ ಇತ್ತಲ್ಲ ಎಂಬುದು ನೆನಪಾಯಿತು. ಮತ್ತೆ ತುಟಿ ಕಚ್ಚಿಕೊಂಡಿದ್ದಾಳೆ, ಮತ್ತೆ ನನ್ನ ಮುಖ ಉಳಿಸುತ್ತಿದ್ದಾಳೆ. ಇವಳನ್ನು ನೋಯಿಸುವುದಕ್ಕೆಂದೇ ಎತ್ತಿನ ಬೆಲೆ ಕೊಟ್ಟೆನೇ? ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಬಾಳೆತೋಟಗಳ ನಡುವೆ, ಕಾಲುವೆಯ ಪಕ್ಕ ನಿಲ್ಲಿಸಿ ಹಿಂತಿರುಗಿ ನೋಡಿದೆ.

ಶಂಕ್ರಮ್ಮ ನಿದ್ದೆ ಮಾಡುತ್ತಿದ್ದಳು. ಬಾಯಿ ತುಸು ತೆರೆದಿತ್ತು, ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು. ರಾತ್ರಿ ಹಾಸಿಗೆಯ ಮೇಲೂ ಮಗ್ಗುಲು ಬದಲಿಸಿ ಬದಲಿಸಿ ಬೆಳಗು ಮಾಡುವವಳು, ಹಂಪುಗಳ ಮೇಲೆ ನಿದ್ದೆ ಹೋಗಿದ್ದಳು.

ಅಲ್ಲಿಂದ ಮುಂದೆ ನಾನು ಹೇಗೆ ಓಡಿಸಿದೆನೆಂದರೆ, ಭತ್ತದ ಹೊರೆ ಹೊತ್ತ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ನನ್ನನ್ನು ಹಿಂದಿಕ್ಕಿದವು. ಕಂಪ್ಲಿ ಬಂತು. ಗೌರಕ್ಕನ ಬೀದಿ ಬಂತು. ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ ಗೌರಕ್ಕ ಬಂತು. ನಿಲ್ಲಿಸಿದರೆ ಎಚ್ಚರವಾದೀತು, ನಾನು ನಿಲ್ಲಿಸಲಿಲ್ಲ. ಕಿಟಕಿಯಿಂದ ಅವಳಿಗೆ ಸುಮ್ಮನಿರೆಂದು ಸನ್ನೆ ಮಾಡುತ್ತ, ಮೆಲ್ಲಗೆ ಅವಳ ಮನೆ ದಾಟಿ ಮುಂದೆ ಹೋದೆ.

“ಈರಣ್ಣಾರ! ಏ ಈರಣ್ಣಾರ! ಮನಿ ಮರ್ತ್ರೇನ್ರಿ? ಎಲ್ಲಿಗೆ ಹೊಂಟೀರಿ?” ಎಂದು ಹಿಂದಿನಿಂದ ಕೂಗು.

ಹೊಳೆಯ ಸೇತುವೆಯವರೆಗೆ ಹೋಗಿ ಮರಳಿದೆ. ಶಂಕ್ರಮ್ಮ ಇನ್ನೂ ಮಲಗಿದ್ದಳು. ಗೌರಕ್ಕ ಈಗ ಕೋಲೂರಿಕೊಂಡು ನಡುಬೀದಿಗೇ ಬಂದು ನಿಂತಿದ್ದಳು. ಈ ಸಲ ದಾಟಿ ಹೋದರೆ ಕೋಲಿನ ಏಟು ಬಾನೆಟ್ಟಿಗೋ ನನಗೋ ಎಂಬುದಷ್ಟೇ ಪ್ರಶ್ನೆ. ನಿಲ್ಲಿಸಿದೆ. ಅವಳು ಬೈಯಲು ಬಾಯಿ ತೆರೆದು, ಕಿಟಕಿಯಲ್ಲಿ ಬಗ್ಗಿ, ತಂಗಿಯನ್ನು ನೋಡಿದಳು. ತೆರೆದ ಬಾಯಿ ಹಾಗೇ ಮುಚ್ಚಿತು. ಎರಡು ವರ್ಷ ನೋಡದ ಮುಖವನ್ನು, ಎ‌ಬ್ಬಿಸದೆ, ಸಾವಕಾಶವಾಗಿ ನೋಡಿದಳು. “ಬಡವಾಗ್ಯಾಳ” ಎಂದಳು ಪಿಸುದನಿಯಲ್ಲಿ. ಆಮೇಲೆ ಆ ಕಡೆಯ ಬಾಗಿಲು ತೆಗೆಸಿ, ಮೊದಲು ಕೂತು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಕೋಲನ್ನು ನನ್ನ ಪಕ್ಕದ ಸೀಟಿಗೆ ದಾಟಿಸಿದಳು.

“ನಡೀರಿ. ಇನ್ನೊಂದು ಸುತ್ತು ಹಾಕ್ರಿ. ಏಳೋಮಟ ಮಲಗ್ಲಿ.”

ಸೇತುವೆಯ ಬಳಿ ತಂಗಿಗೆ ಎಚ್ಚರವಾಯಿತು. ಪಕ್ಕದಲ್ಲಿ ಅಕ್ಕನನ್ನು ಕಂಡು, ಕನಸೋ ನಿಜವೋ ಎಂದು ಒಮ್ಮೆ ಅವಳ ಮೊಣಕೈ ಮುಟ್ಟಿ ನೋಡಿದಳು. “ಯಾವಾಗ ಬಂದೆವ್ವಾ?” ಎಂದಳು. “ನೀ ಬಂದಿಯೋ, ನಾ ಬಂದ್ನೋ?” ಎಂದಳು ಅಕ್ಕ. ಇಬ್ಬರೂ ಒಮ್ಮೆಗೇ ಅತ್ತು, ಒಮ್ಮೆಗೇ ನಕ್ಕು, ಮರುಕ್ಷಣವೇ ಮಾತಿಗೆ ಬಿದ್ದರು. ಇಳಿಯೋಣವೇ ಎಂದು ನಾನು ಮನೆಯ ಮುಂದೆ ಎರಡು ಸಲ ಕೇಳಿದೆ. ಎರಡು ಸಲವೂ, ಮಾತು ಕತ್ತರಿಸದೆ, ಮುಂದೆ ಹೋಗಿರೆಂದು ಕೈ ಬೀಸಿದರು. ಊಟ ಆರಿತು. ಕಂಪ್ಲಿಯ ಬೀದಿಗಳೆಲ್ಲ ನನಗೆ ಬಾಯಿಪಾಠವಾದವು.

ಒಂದು ವಿಷಯವನ್ನು ಮಾತ್ರ ಕಿವಿಗೊಟ್ಟು ಗಮನಿಸಿದೆ. ಎಮ್ಮೆಯ ಮಾತು ಬಂತು, ಮೊಣಕಾಲಿನ ಎಣ್ಣೆಯ ಮಾತು ಬಂತು, ನನ್ನ ಹೆಬ್ಬೆರಳಿನ ಮಾತೂ ಬೇಡದಷ್ಟು ವಿಸ್ತಾರವಾಗಿ ಬಂತು. ಗುಂಡಿ ಬಂದಾಗ ಗುಂಡಿ ಎನ್ನಲಿಲ್ಲ, ಹಂಪು ಬಂದಾಗ ಹಂಪು ಎನ್ನಲಿಲ್ಲ. ಅಷ್ಟು ಹೊತ್ತಿನಲ್ಲಿ ಆ ಇಬ್ಬರೂ ಕಾರಿನ ಬಗ್ಗೆ ಒಂದೇ ಒಂದು ಮಾತನ್ನೂ ಆಡಲಿಲ್ಲ. ಯಾವ ಕಾರಿನಲ್ಲಿ ಕೂತಿದ್ದೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು. ನಾನು ಹೆಚ್ಚು ಕೊಟ್ಟದ್ದು ಈ ಮರೆವಿಗೆ ಎಂದು ತಿಳಿದು, ಸ್ಟೇರಿಂಗನ್ನು ಇನ್ನೊಮ್ಮೆ ಸೇತುವೆಯ ಕಡೆಗೆ ತಿರುಗಿಸಿದೆ.